ಬಿಡಿ ದಿನಗಳ ಲೆಕ್ಕ

ಕಾಪುವಿನಲ್ಲಿ 1901ರಿಂದ ನಿಂತಿರುವ ದೀಪಸ್ತಂಭಕ್ಕೆ ಹೆಚ್ಚು ದೂರವಲ್ಲದ ಒಂದು ಹಂಚಿನ ಮನೆಯ ಜಗಲಿಯಲ್ಲಿ, ಕೆಲವು ವರ್ಷಗಳ ಹಿಂದೆ, ಆಟಿ ತಿಂಗಳ ಎಡೆಬಿಡದ ಮಳೆ ಸುರಿಯುತ್ತಿದ್ದ ಒಂದು ಅಪರಾಹ್ಣ, ವೃದ್ಧರೊಬ್ಬರು ತಗಡಿನ ಪೆಟ್ಟಿಗೆಯೊಂದನ್ನು ನನ್ನ ಮುಂದಿರಿಸಿ, ಅದರೊಳಗಿನ ಇಂಗ್ಲಿಷ್ ಕಾಗದಗಳ ತಾತ್ಪರ್ಯವನ್ನು ಹೇಳಬೇಕೆಂದು ಕೇಳಿಕೊಂಡರು. ತಾರುಣ್ಯದ ಹತ್ತು ವರ್ಷಗಳನ್ನು ನೌಕಾಪಡೆಯಲ್ಲಿ ಕಳೆದು, ಎಪ್ಪತ್ತರ ದಶಕದ ಉತ್ತರಾರ್ಧದಲ್ಲಿ ಊರಿಗೆ ಮರಳಿ, ಅನಂತರದ ಆಯುಷ್ಯವನ್ನೆಲ್ಲ ಮಲ್ಪೆಯ ದೋಣಿಗಳ ಯಂತ್ರ ರಿಪೇರಿಯಲ್ಲಿ ಸವೆಸಿದ ಅವರು, ನಾನು ಕಾಗದಗಳನ್ನು ಬಿಡಿಸುತ್ತಿರುವಾಗಲೇ ಒಂದು ಪ್ರಶ್ನೆಯನ್ನು ಹಾಕಿದರು: "ಹತ್ತು ವರ್ಷ ಹಡಗಿನಲ್ಲಿ, ಇನ್ನು ಹತ್ತು ವರ್ಷ ರಿಸರ್ವಿನಲ್ಲಿ ಅಂತ ಸಹಿ ಹಾಕಿಸಿಕೊಂಡಿದ್ದರು. ಆ ರಿಸರ್ವ್ ಎಲ್ಲಿ ಹೋಯಿತು ಮಾರಾಯ್ರೆ?" ಆ ಹೊತ್ತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವನ್ನರಸಿ ಹೊರಟಾಗ ಕಂಡುಬಂದ ಸಂಗತಿಗಳು ಆ ಒಂದು ಪೆಟ್ಟಿಗೆಯಲ್ಲಿ ಹಿಡಿಸುವಂಥವಾಗಿರಲಿಲ್ಲವಾದುದರಿಂದ ಈ ಸಮೀಕ್ಷೆ.

ವಿಷಯದ ಸ್ವರೂಪ ಇಷ್ಟೆ. ಸೈನ್ಯದಲ್ಲಿ ನಾಲ್ಕೋ, ಏಳೋ, ಹತ್ತೋ, ಹದಿನಾಲ್ಕೋ ವರ್ಷ ದುಡಿದು, ಪೆನ್ಶನ್ನಿಗೆ ವಿಧಿಸಿದ ಅವಧಿ ತುಂಬುವ ಮೊದಲೇ ಹೊರಬಂದವನು, ಮಿಕ್ಕ ವರ್ಷಗಳನ್ನು ಬೇರೊಂದು ವೃತ್ತಿಯನ್ನು ನಡೆಯಿಸಿಕೊಂಡೇ ರಜಾದಿನಗಳಲ್ಲಿಯೂ ವಾರ್ಷಿಕ ಶಿಬಿರಗಳಲ್ಲಿಯೂ ಬಿಡಿಬಿಡಿಯಾಗಿ ಸಲ್ಲಿಸಿ, ಕಡೆಗೊಂದು ದಿನ ನಿವೃತ್ತಿವೇತನಕ್ಕೆ ಅಧಿಕಾರಿಯಾಗಬಲ್ಲನೆ? ನಮ್ಮ ಭೂಸೇನೆಯ ನಿಯಮದಂತೆ ಸಿಪಾಯಿ, ಹವಾಲ್ದಾರ ಮೊದಲಾದವರಿಗೆ 15 ವರ್ಷ, ಕಮಿಷನ್ ಪಡೆದ ಅಧಿಕಾರಿಗೆ 20 ವರ್ಷ ಅರ್ಹಸೇವೆ ಆಗಲೇಬೇಕು; ಸಿಪಾಯಿಗಳ ಪಾಲಿಗೆ ಕೊರತೆಯು ಒಂದು ವರ್ಷದೊಳಗಿನದಾದರೆ ಅದನ್ನು ಮನ್ನಿಸುವ ಅವಕಾಶವುಂಟಾದರೂ, ಅದಕ್ಕಿಂತ ಹೆಚ್ಚಿನ ಕೊರತೆಯುಳ್ಳವನು ಗ್ರಾಚ್ಯುಟಿಯ ಇಡಿಗಂಟನ್ನು ಹಿಡಿದುಕೊಂಡು ಮನೆಗೆ ನಡೆಯತಕ್ಕದ್ದು.

ಬಿಡಿ ಕಾಸಿನ ಮಹಿಮೆಯನ್ನು ಉಡುಪಿಯವರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. 1925ರಲ್ಲಿ ಈ ಊರಿನಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕೆಂಬ ಅಭಿಧಾನದಿಂದ ಮಣಿಪಾಲದಲ್ಲಿ ನೆಲೆಸಿ ದೇಶವ್ಯಾಪಿಯಾಗಿ ಬೆಳೆದು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾದ ಸಂಸ್ಥೆಯು, 1928ರಲ್ಲಿಯೇ ಪಿಗ್ಮಿ ಠೇವಣಿಯೆಂಬ ಯೋಜನೆಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನು ಮನೆಬಾಗಿಲಿನಲ್ಲಿಯೇ ಸಂಗ್ರಹಿಸಿ, ಮೀನು ಮಾರುವವಳಿಗೂ ನೇಯಿಗೆಯವನಿಗೂ ಒಂದು ಗಂಟನ್ನು ಕಟ್ಟಿಕೊಟ್ಟಿತು. ಎರಡಾಣೆಯನ್ನು ಎರಡಾಣೆಯೆಂದು ತಿರಸ್ಕರಿಸದೆ ಬರೆದಿಟ್ಟುಕೊಳ್ಳುವ ಪುಸ್ತಕವೊಂದಿದ್ದುದೇ ಅದರ ರಹಸ್ಯ. ಸೈನಿಕನ ದಿನಗಳನ್ನೂ ಹೀಗೆಯೇ ಬರೆದಿಟ್ಟುಕೊಳ್ಳುವ ಪುಸ್ತಕ ಲೋಕದಲ್ಲೆಲ್ಲಾದರೂ ಉಂಟೆ ಎಂದರೆ, ಅಮೆರಿಕದಲ್ಲಿ ಉಂಟು.

ಅಲ್ಲಿ 1948ರಲ್ಲಿ ಅಂಗೀಕೃತವಾದ ಕಾಯಿದೆಯೊಂದರ ಪ್ರಕಾರ ಮೀಸಲು ಸೈನಿಕನ ಸೇವೆಯು ಅಂಕಗಳ ರೂಪದಲ್ಲಿ ಲೆಕ್ಕಕ್ಕೆ ಬರುತ್ತದೆ. ನಾಲ್ಕು ಗಂಟೆಗಳ ಒಂದು ಕವಾಯತಿಗೆ ಒಂದು ಅಂಕ. ಶನಿವಾರ ಭಾನುವಾರಗಳೆರಡೂ ಕೂಡಿದರೆ ನಾಲ್ಕು. ವಾರ್ಷಿಕ ಶಿಬಿರದ ದಿನಕ್ಕೊಂದರಂತೆ. ದಳದ ಸದಸ್ಯನಾಗಿ ಉಳಿದುದಕ್ಕಾಗಿಯೇ ವರ್ಷಕ್ಕೆ ಹದಿನೈದು. ಹೀಗೆ ಒಂದು ವರ್ಷದಲ್ಲಿ 50 ಅಂಕಗಳು ಸಂದರೆ ಆ ವರ್ಷವನ್ನು 'ಒಳ್ಳೆಯ ವರ್ಷ'ವೆಂದು ಕರೆಯುವರು. ಅಂಥ 20 ವರ್ಷಗಳು ತುಂಬಿದವನಿಗೆ, ಅವುಗಳಲ್ಲಿ ಕೆಲವು ಪೂರ್ಣಕಾಲದ ಸೈನ್ಯಸೇವೆಯವೂ ಮಿಕ್ಕವು ಭಾನುವಾರದವೂ ಆಗಿದ್ದರೂ, ಸಾಮಾನ್ಯವಾಗಿ ಅರುವತ್ತನೆಯ ವಯಸ್ಸಿನಿಂದ, ಗಳಿಸಿದ ಅಂಕಗಳಿಗೆ ಅನುಗುಣವಾಗಿ ಪೆನ್ಶನ್ ಸಲ್ಲುತ್ತದೆ. ಏಳೆಂಟು ವರ್ಷ ಖಾಯಂ ಸೈನ್ಯದಲ್ಲಿದ್ದು ಬಿಟ್ಟುಬಂದ ಶಿಕ್ಷಕನೋ ಬಡಗಿಯೋ ತನ್ನ ಮುರಿದ ಸೇವೆಯನ್ನು ಹೀಗೆ ಬೆಸೆದುಕೊಳ್ಳುವನು. ಬ್ರಿಟನ್ನಿನಲ್ಲಿಯೂ 2015ರಲ್ಲಿ ಜಾರಿಗೆ ಬಂದ ಸೇನಾ ಪೆನ್ಶನ್ ಯೋಜನೆಯು ಖಾಯಂ ಸೈನಿಕರನ್ನೂ ಮೀಸಲು ಸೈನಿಕರನ್ನೂ ಒಂದೇ ಸೂರಿನಡಿ ತಂದಿತು. ಇವೆಲ್ಲ ಪಿಗ್ಮಿಯ ಸಂತಾನವೆಂದು ನಮ್ಮೂರಿನ ಅಭಿಮಾನದಿಂದ ಹೇಳಿದರೆ ಪಂಡಿತರು ನಗಬಹುದು, ತತ್ತ್ವವಂತೂ ಅದೇ.

ನಮ್ಮಲ್ಲಿಯೂ ಹಿಂದೊಮ್ಮೆ ಇದಕ್ಕೆ ಹತ್ತಿರವಾದ ಪದ್ಧತಿಯೊಂದಿದ್ದಿತೆಂಬುದನ್ನು ಇಂದಿನವರು ಮರೆತಿದ್ದಾರೆ. 1888ರ ಇಂಡಿಯನ್ ರಿಸರ್ವ್ ಫೋರ್ಸಸ್ ಕಾಯಿದೆಯ ಕಾಲದಿಂದಲೂ, ಸೈನಿಕನ ಕರಾರನ್ನು ಎರಡು ಭಾಗ ಮಾಡುವ ವಾಡಿಕೆಯಿತ್ತು. ಮೊದಲನೆಯದು ಧ್ವಜದಡಿಯ ಸೇವೆ. ಹಳೆಯ ಸಿಪಾಯಿಗಳು ಇದನ್ನೇ 'ಕಲರ್ ಸರ್ವಿಸ್' ಎನ್ನುವರು. ಎರಡನೆಯದು ಮೀಸಲು ಸೇವೆ. ಆಗ ಅವನು ಊರಿನಲ್ಲಿ ಗದ್ದೆ ಉಳಬಹುದು, ಅಂಗಡಿ ನಡೆಯಿಸಬಹುದು, ಆದರೆ ಓಲೆ ಬಂದೊಡನೆ ರೈಲು ಹತ್ತತಕ್ಕದ್ದು. ಭೂಸೇನೆಯಲ್ಲಿ ಏಳು ವರ್ಷ ಕಲರ್, ಎಂಟು ವರ್ಷ ರಿಸರ್ವ್ ಎಂಬ ಕರಾರಿದ್ದಿತು. ವಾಯುಪಡೆಯಲ್ಲಿ ಒಂಬತ್ತು ಮತ್ತು ಆರು. ನೌಕಾಪಡೆಯಲ್ಲಿ ಹತ್ತು ಮತ್ತು ಹತ್ತು. ಎರಡೂ ಕೂಡಿ 15 ವರ್ಷಕ್ಕೆ ಕಡಮೆಯಾಗದಿದ್ದರೆ ರಿಸರ್ವಿಸ್ಟ್ ಪೆನ್ಶನ್. 1961ರ ನಿಯಮಾವಳಿಯಲ್ಲಿ ಅದರ ಮೊತ್ತ ತಿಂಗಳಿಗೆ 10 ರೂಪಾಯಿ 50 ಪೈಸೆ. ಬೇಡವೆಂದವನಿಗೆ ಇಡಿಯಾಗಿ 800 ರೂಪಾಯಿ. ಆರು ವರ್ಷ ನಾಲ್ಕು ತಿಂಗಳು ಬದುಕಿದರೆ ಮೊದಲನೆಯದು ಲಾಭ, ಇಲ್ಲವಾದರೆ ಎರಡನೆಯದು ಲಾಭ. ಮನೆಗೆ ಮಾಡು ಹೊದೆಸಬೇಕಾಗಿದ್ದವರು, ಮಗಳ ಮದುವೆ ಎದುರಿಗಿದ್ದವರು, ಆಯುಷ್ಯದ ಮೇಲೆ ಪಣವೊಡ್ಡದೆ ಎಂಟುನೂರನ್ನೇ ಎಣಿಸಿಕೊಂಡಿದ್ದರೆ ಅದನ್ನು ಅವಿವೇಕವೆನ್ನಲಾಗದು. ಅನಂತರ ಈ ಪೆನ್ಶನ್ನನ್ನು ಕನಿಷ್ಠ ಸೇವಾಪೆನ್ಶನ್ನಿನ ಮೂರರಲ್ಲಿ ಎರಡು ಪಾಲಿಗೆ ಏರಿಸಲಾಯಿತು. ಮೊತ್ತವೆಷ್ಟೇ ಅಲ್ಪವಾಗಿರಲಿ, ಊರಿನಲ್ಲಿ ಕುಳಿತ ವರ್ಷಗಳೂ ಸೈನಿಕನ ಖಾತೆಗೆ ಜಮೆಯಾಗುತ್ತಿದ್ದುವು. ಇದೇ ಆ ಪದ್ಧತಿಯ ಸತ್ತ್ವ.

ಕಲರ್ ಸೇವೆಯ ಅವಧಿಯನ್ನೇ ದೀರ್ಘಗೊಳಿಸಿ, ಅದರೊಳಗಾಗಿಯೇ ಪೆನ್ಶನ್ ಪಕ್ವವಾಗುವಂತೆ ಮಾಡಿದ ಮೇಲೆ ಈ ಏರ್ಪಾಡು ಕ್ರಮೇಣ ಕ್ಷೀಣಿಸಿತು. ನೌಕಾಪಡೆಯಲ್ಲಂತೂ 1976ರ ಜುಲೈ 3ರಂದು ನಾವಿಕರನ್ನು ಫ್ಲೀಟ್ ರಿಸರ್ವಿಗೆ ಸೇರಿಸುವ ಪದ್ಧತಿಯನ್ನೇ ಸರ್ಕಾರ ನಿಲ್ಲಿಸಿಬಿಟ್ಟಿತು. ಕಾಪುವಿನ ಆ ವೃದ್ಧರ ರಿಸರ್ವ್ ಎಲ್ಲಿ ಹೋಯಿತೆಂಬುದಕ್ಕೆ ಉತ್ತರ ಈ ಒಂದು ತಾರೀಖಿನಲ್ಲಿದೆ. ಹತ್ತು ವರ್ಷ ಪೂರೈಸಿ ಹೊರಬಿದ್ದವರು, ಮುಂದಿನ ಹತ್ತು ವರ್ಷಗಳ ಕರಾರು ತಮ್ಮ ದೋಷವಿಲ್ಲದೆಯೇ ಅಳಿಸಿಹೋದುದನ್ನು ಅರಿಯದೆ ದಶಕಗಳನ್ನು ಕಳೆದರು. ಟಿ. ಎಸ್. ದಾಸ್ ಎಂಬ ಹೆಸರಿನಿಂದ ಪ್ರಸಿದ್ಧವಾದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ತೀರ್ಪಿತ್ತು, ರಿಸರ್ವಿಗೆ ವಾಸ್ತವವಾಗಿ ಸೇರದವನಿಗೆ ರಿಸರ್ವಿಸ್ಟ್ ಪೆನ್ಶನ್ ಸಲ್ಲದೆಂದಿತು. ಆದರೆ ಆ ತಾರೀಖಿಗೆ ಮೊದಲು ಸೇರಿ, ಅದರ ಬಳಿಕ ಅವಧಿ ಮುಗಿಸಿದವರಿಗೆ ನಿಯಮಾವಳಿಯಲ್ಲಿದ್ದ ವಿಶೇಷ ಪೆನ್ಶನ್ನಿನ ದಾರಿಯನ್ನು ತೆರೆಯಿತು. ನ್ಯಾಯ ದೊರೆಯಿತೆನ್ನಬೇಕು, ನಲುವತ್ತು ವರ್ಷ ತಡವಾಗಿ ದೊರೆಯಿತೆಂಬುದನ್ನೂ ಸೇರಿಸಬೇಕು.

ಇನ್ನು ಇಂದು ನಿಜಕ್ಕೂ ಇರುವ ದಾರಿಗಳು. ಅಂಶಕಾಲಿಕ ಸೈನ್ಯಸೇವೆಯೆಂದೊಡನೆ ಎಲ್ಲರ ನಾಲಗೆಯ ಮೇಲೂ ಬರುವುದು ಪ್ರಾದೇಶಿಕ ಸೇನೆ. ಬಲ್ಲವರ ಮಾತಿನಲ್ಲಿ ಬರಿಯ 'ಟಿಎ'. ಅಮೆರಿಕದ ಆ ಕಾಯಿದೆ ಅಂಗೀಕೃತವಾದ 1948ರಲ್ಲಿಯೇ ನಮ್ಮ ಪ್ರಾದೇಶಿಕ ಸೇನೆಯ ಕಾಯಿದೆಯೂ ಹುಟ್ಟಿತು. 1949ರ ಅಕ್ಟೋಬರ್ 9ರಂದು ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರು ದಳವನ್ನು ಉದ್ಘಾಟಿಸಿದರು. ಒಂದೇ ವರ್ಷದ ಈ ಎರಡು ಶಾಸನಗಳು ಹಿಡಿದ ದಾರಿಗಳು ಮಾತ್ರ ಬೇರೆ ಬೇರೆ. ಅಮೆರಿಕದ ಕಾಯಿದೆಯು ಮೀಸಲು ಸೈನಿಕನ ವೃದ್ಧಾಪ್ಯವನ್ನು ಚಿಂತಿಸಿತು; ನಮ್ಮದು, ಇವನಿಗೆ ಅನ್ನ ಬೇರೆಡೆ ಇದೆಯೆಂಬುದನ್ನು ಮೊದಲು ಖಚಿತಪಡಿಸಿಕೊಂಡು, ಅನಂತರವೇ ಬಾಗಿಲು ತೆರೆಯಿತು. ಟಿಎ ಅಧಿಕಾರಿಯಾಗಬಯಸುವವನು 18ರಿಂದ 42ರ ವಯಸ್ಸಿನ ಪದವೀಧರನೂ, ಸ್ವಂತ ದುಡಿಮೆಯುಳ್ಳವನೂ ಆಗಿರಬೇಕು. ಇದು ಪೂರ್ಣಕಾಲದ ಉದ್ಯೋಗವಲ್ಲವೆಂದು ದಳವೇ ಡಂಗುರ ಸಾರುತ್ತದೆ. ಉಡುಪಿಗೆ ಸಮೀಪದ ಟಿಎ ದಳಗಳೆಂದರೆ ಬೆಂಗಳೂರಿನ 106ನೆಯ ಪ್ಯಾರಾ ಪಟಾಲಮು, ಬೆಳಗಾವಿಯ 115ನೆಯ ಮಹಾರ್, ತೆಂಕಣಕ್ಕೆ ಕೋಯಿಕ್ಕೋಡಿನ 122ನೆಯ ಮದ್ರಾಸ್. ಕ್ರಿಕೆಟಿಗ ಧೋನಿಯವರು 2011ರಲ್ಲಿ ಗೌರವ ಲೆಫ್ಟಿನೆಂಟ್ ಕರ್ನಲ್ ಆದುದು ಈ 106ನೆಯ ಪಟಾಲಮಿನಲ್ಲಿಯೇ ಆದಕಾರಣ, ಹುಡುಗರಿಗೆ ಟಿಎ ಎಂದರೆ ಮೊದಲು ನೆನಪಾಗುವುದು ಅವರ ಕೆಂಪು ಟೋಪಿ.

ಪೆನ್ಶನ್ನಿನ ಮಾತು ಬಂದಾಗ ಮಾತ್ರ ಟೋಪಿಯನ್ನು ಬದಿಗಿಟ್ಟು ಲೆಕ್ಕದ ಪುಸ್ತಕವನ್ನು ತೆಗೆಯಬೇಕು. ಟಿಎಯಲ್ಲಿ ಸಿಪಾಯಿಗೆ 15 ವರ್ಷ, ಅಧಿಕಾರಿಗೆ 20 ವರ್ಷವೆಂಬುದು ಖಾಯಂ ಸೈನ್ಯದಂತೆಯೇ. ಆದರೆ ಲೆಕ್ಕಕ್ಕೆ ಬರುವುದು 'ಎಂಬಾಡೀಡ್' ಸೇವೆ ಮಾತ್ರ, ಎಂದರೆ ಸರ್ಕಾರದ ಆಜ್ಞೆಯಿಂದ ದಳವನ್ನು ಪೂರ್ಣಕಾಲದ ಕರ್ತವ್ಯಕ್ಕೆ ಕರೆದಾಗ ಸಲ್ಲಿಸಿದ ದಿನಗಳ ಮೊತ್ತ. ದಳದಲ್ಲಿ ಹೆಸರಿದ್ದ ವರ್ಷಗಳಿಗೆ ಬೆಲೆಯಿಲ್ಲ. ವಾರ್ಷಿಕ ತರಬೇತಿ ಎರಡು ತಿಂಗಳಿನದು; ಆ ಶಿಬಿರದ ದಿನಗಳನ್ನೂ ಜಮೆ ಮಾಡಿಕೊಳ್ಳುವರೆಂದು ಉದಾರವಾಗಿ ಊಹಿಸಿದರೂ, ವರ್ಷಕ್ಕೆ 60 ದಿನಗಳಂತೆ 15 ವರ್ಷದ 5,475 ದಿನಗಳನ್ನು ಕೂಡಿಸುವುದಕ್ಕೆ 91ಕ್ಕೂ ಹೆಚ್ಚು ವರ್ಷಗಳು ಬೇಕು; ಅಧಿಕಾರಿಯಾದರೆ 121 ವರ್ಷಗಳೂ ಸಾಲವು. ನಗರದ ದಳಗಳಲ್ಲಿ ರಜಾದಿನದ ನಾಲ್ಕು ಗಂಟೆಗಳ ತರಬೇತಿಯನ್ನು ಒಂದು ದಿನವೆಂದೇ ಎಣಿಸುವ ಸಂಪ್ರದಾಯವುಂಟು. ಅಮೆರಿಕದವರ ನಾಲ್ಕು ಗಂಟೆಯೂ ಅದೇ ನಾಲ್ಕು ಗಂಟೆ. ಅಲ್ಲಿ ಅದು ವೃದ್ಧಾಪ್ಯದ ಖಾತೆಗೆ ಜಮೆಯಾಗುತ್ತದೆ, ಇಲ್ಲಿ ಆ ದಿನದ ಸಂಬಳದೊಂದಿಗೆ ಮುಗಿದುಹೋಗುತ್ತದೆ.

ಹಾಗೆಂದು ಟಿಎಯಲ್ಲಿ ಯಾರಿಗೂ ಪೆನ್ಶನ್ ದೊರೆಯದೆಂದಲ್ಲ. ಗಡಿಯಲ್ಲಿ, ಈಶಾನ್ಯದಲ್ಲಿ, ಕಾಶ್ಮೀರದಲ್ಲಿ ವರ್ಷಗಟ್ಟಳೆ ಎಡೆಬಿಡದೆ ಕರ್ತವ್ಯದಲ್ಲಿರುವ ಪಟಾಲಮುಗಳುಂಟು; ಮಾಜಿ ಸೈನಿಕರನ್ನೇ ಕೂಡಿಸಿ 1982ರಲ್ಲಿ ಮಸ್ಸೂರಿಯ ಬೋಳುಗುಡ್ಡಗಳಲ್ಲಿ ಗಿಡ ನೆಡುವುದಕ್ಕೆ ಕಟ್ಟಿದ 127ನೆಯ ಪರಿಸರ ಪಟಾಲಮಿನಂಥವುಗಳೂ ಉಂಟು. ಅಂಥ ದಳಗಳಲ್ಲಿ ಬಿಡಿ ಅವಧಿಗಳೂ ಕೂಡುತ್ತ ಬಂದು 15 ವರ್ಷ ತುಂಬುವುದು ಸಾಧ್ಯ. ಆದರೆ ಆಗ ಅದು ಅಂಶಕಾಲಿಕ ಸೇವೆಯಾಗಿ ಉಳಿಯುವುದಿಲ್ಲ. ಮಣಿಪಾಲದ ಕಚೇರಿಯನ್ನೋ ಕಾರ್ಕಳದ ಗೇರುಬೀಜದ ವ್ಯಾಪಾರವನ್ನೋ ಅದರೊಂದಿಗೆ ನಡೆಯಿಸುವುದು ಸುಳ್ಳು. ಮೇಲಾಗಿ, ಕರೆಯುವುದೂ ಕಳುಹಿಸುವುದೂ ಸರ್ಕಾರದ ಅವಶ್ಯಕತೆಗೆ ಅಧೀನ, ಸೈನಿಕನ ಇಷ್ಟಕ್ಕಲ್ಲ. 2025ರ ಮೇ ತಿಂಗಳಿನಲ್ಲಿ ಟಿಎಯನ್ನು ಕರೆಯುವ ಅಧಿಕಾರವನ್ನು ಸೇನಾ ಮುಖ್ಯಸ್ಥರಿಗೆ ವಹಿಸಿ, 32 ಪದಾತಿ ಪಟಾಲಮುಗಳಲ್ಲಿ 14ನ್ನು ಕರ್ತವ್ಯಕ್ಕಿಳಿಸಲು ಅನುಮತಿಯಿತ್ತ ಆಜ್ಞೆ ಹೊರಟಾಗ, ಅದರ ಅವಧಿಯೂ 2028ರ ಫೆಬ್ರವರಿ 9ರವರೆಗೆಂದು ಮೊದಲೇ ನಿಶ್ಚಿತವಾಗಿದ್ದಿತು.

ಟಿಎಯ ನಿಜವಾದ ಉಪಕಾರ ಬೇರೆ ಕಡೆಯಲ್ಲಿದೆ. ಇದನ್ನು ಸ್ಪಷ್ಟವಾಗಿ ಹೇಳಿದವರು ಕಡಮೆ. ಕಾಯಿದೆಯ 7ನೆಯ ಕಲಮು, ಸೇವೆಗೆ ಹೋದವನನ್ನು ಹಿಂದಿರುಗಿದ ಮೇಲೆ ಮೊದಲಿನ ಷರತ್ತುಗಳಿಗೆ ಕುಂದಿಲ್ಲದಂತೆ ಕೆಲಸಕ್ಕೆ ಸೇರಿಸಿಕೊಳ್ಳುವುದು ಮಾಲೀಕನ ಕರ್ತವ್ಯವೆಂದು ವಿಧಿಸುತ್ತದೆ, ನಿರಾಕರಿಸಿದವನಿಂದ ಆರು ತಿಂಗಳ ವೇತನದವರೆಗೆ ಪರಿಹಾರ ಕೊಡಿಸುತ್ತದೆ. 7ಎ ಕಲಮು ಅವನ ಭವಿಷ್ಯನಿಧಿ ಮೊದಲಾದ ಹಕ್ಕುಗಳನ್ನು ಕಾಪಾಡುತ್ತದೆ. ಸೈನ್ಯದ ಪೆನ್ಶನ್ನನ್ನು ಪೂರ್ತಿಗೊಳಿಸುವ ಸಾಧನವಾಗಿ ಟಿಎ ದುರ್ಬಲ. ನಾಗರಿಕ ವೃತ್ತಿಯ ಪೆನ್ಶನ್ ತುಂಡಾಗದಂತೆ ಸೈನಿಕನಾಗಿರಲು ಬಿಡುವ ಸಾಧನವಾಗಿ ಅದು ಸಾಕಷ್ಟು ದೃಢ.

ಸೇವೆಯನ್ನು ಪೂರ್ತಿಗೊಳಿಸಬೇಕೆಂಬ ಛಲವುಳ್ಳ ಮಾಜಿ ಸಿಪಾಯಿಯು ಸಾಮಾನ್ಯವಾಗಿ ಹಿಡಿಯುವ ದಾರಿ ಡಿಎಸ್‌ಸಿಯದು. 1947ರ ಫೆಬ್ರವರಿಯಲ್ಲಿ ಹುಟ್ಟಿದ ಈ ರಕ್ಷಣಾ ಭದ್ರತಾ ದಳದ ಕೇಂದ್ರ ಇರುವುದು ನಮ್ಮ ನೆರೆಯ ಕಣ್ಣೂರಿನಲ್ಲಿ. ಇಂದ್ರಾಳಿಯಲ್ಲಿ ರೈಲು ಹತ್ತಿದವನು ಅರ್ಧ ದಿನದೊಳಗೆ ಅಲ್ಲಿರುವನು. ಶಸ್ತ್ರಾಗಾರ, ನೌಕಾಂಗಣ, ವಿಮಾನನೆಲೆಗಳ ಕಾವಲು ಇದರ ಕೆಲಸ. ಐವತ್ತು ದಾಟಿದ ಮೇಲೂ ದುಡಿಯಬಹುದು. ಮೊದಲ ಪೆನ್ಶನ್ ಇಲ್ಲದವನು ಹಿಂದಿನ ಸೇವೆಯನ್ನು ಜೋಡಿಸಿಕೊಳ್ಳಬಹುದು, ಇದ್ದವನು ಅದನ್ನು ಪಡೆಯುತ್ತಲೇ 15 ವರ್ಷ ತುಂಬಿಸಿ ಎರಡನೆಯದನ್ನು ಗಳಿಸಬಹುದು. ಈ ಎರಡನೆಯ ಪೆನ್ಶನ್ನಿಗೆ ಕೆಲವು ತಿಂಗಳು ಕಡಮೆಬಿದ್ದರೆ ಮನ್ನಿಸಬೇಕೋ ಬೇಡವೋ ಎಂಬುದು ನ್ಯಾಯಾಧಿಕರಣಗಳಲ್ಲಿ ವರ್ಷಗಟ್ಟಳೆ ಚರ್ಚೆಗೊಳಗಾಗಿದೆ. ಆದರೆ ಡಿಎಸ್‌ಸಿ ಪೂರ್ಣಕಾಲದ ನೌಕರಿ. ಮನೆಯಲ್ಲಿದ್ದುಕೊಂಡೇ ಮಾಡುವ ಕೆಲಸವಲ್ಲ.

ಮೂರನೆಯದೊಂದು ದಾರಿ ನಾಗರಿಕ ಸರ್ಕಾರಿ ಸೇವೆಯ ಮೂಲಕ ಹೋಗುತ್ತಿತ್ತು. ಕೇಂದ್ರದ 1972ರ ಪೆನ್ಶನ್ ನಿಯಮಗಳಲ್ಲಿ 19ನೆಯದು, ಪೆನ್ಶನ್ ಪಕ್ವವಾಗದೆ ಸೈನ್ಯದಿಂದ ಬಂದವನು ಗ್ರಾಚ್ಯುಟಿಯನ್ನು ಹಿಂದಿರುಗಿಸಿ, ಆ ವರ್ಷಗಳನ್ನು ನಾಗರಿಕ ಸೇವೆಯೊಂದಿಗೆ ಕೂಡಿಸಿಕೊಳ್ಳಲು ಅವಕಾಶವಿತ್ತಿತ್ತು. ಅಂಚೆಕಚೇರಿಗಳಲ್ಲಿ ಎಷ್ಟೋ ಮಂದಿ ಇದರಿಂದ ಬದುಕಿಕೊಂಡರು. 2004ರ ಜನವರಿ 1ರಿಂದ ಕೇಂದ್ರದಲ್ಲಿಯೂ, 2006ರ ಏಪ್ರಿಲ್ 1ರಿಂದ ಕರ್ನಾಟಕದಲ್ಲಿಯೂ ಹೊಸಬರಿಗೆ ಹಳೆಯ ಪೆನ್ಶನ್ನೇ ರದ್ದಾಗಿ ಎನ್‌ಪಿಎಸ್ ಎಂಬ ವಂತಿಗೆಯ ಪದ್ಧತಿ ಬಂದುದರಿಂದ, ಸೇತುವೆಯಿದ್ದೂ ಆಚೆಯ ದಡ ಕುಸಿದಂತಾಯಿತು. ಸೈನ್ಯವನ್ನು ಎನ್‌ಪಿಎಸ್‌ನಿಂದ ಹೊರಗಿಟ್ಟರು. ಸೈನ್ಯದಿಂದ ಅರ್ಧದಲ್ಲಿ ಬಂದವನು ಮಾತ್ರ ಅದರೊಳಗೆ ಬಿದ್ದನು.

ಎನ್‌ಸಿಸಿ ಮತ್ತು ಗೃಹರಕ್ಷಕ ದಳಗಳನ್ನು ಕುರಿತು ಎರಡೇ ಮಾತು. ಉಡುಪಿಯಲ್ಲಿ 21ನೆಯ ಕರ್ನಾಟಕ ಬೆಟಾಲಿಯನ್ನೂ 6ನೆಯ ನೌಕಾ ಘಟಕವೂ ಇವೆ. ಇವಕ್ಕೆ ಸೇರಿದ ಕಾಲೇಜುಗಳಲ್ಲಿ ಅಧ್ಯಾಪಕರು ಭುಜದ ಮೇಲೆ ನಕ್ಷತ್ರಗಳನ್ನು ಧರಿಸಿ ಕವಾಯತು ನಡೆಯಿಸುವರು, ಅದಕ್ಕೆ ಗೌರವಧನವನ್ನೂ ಪಡೆಯುವರು. ಅದರಿಂದ ಸೈನ್ಯದ ಪೆನ್ಶನ್ನಿನ ಒಂದು ದಿನವೂ ಹುಟ್ಟುವುದಿಲ್ಲ. ಕುಂಜಿಬೆಟ್ಟಿನ ಎಂಜಿಎಂ ಮೈದಾನದಲ್ಲಿ ಬೂಟು ಕುಟ್ಟಿದ ದಿನಗಳನ್ನು ನಾನೂ ಇಲ್ಲಿ ಜಮೆ ಕೇಳುತ್ತಿಲ್ಲ. ಗೃಹರಕ್ಷಕನ ಸ್ಥಿತಿ ಇನ್ನೂ ಬಡದು: ಜಾತ್ರೆ, ಚುನಾವಣೆ, ನೆರೆಹಾವಳಿಗಳಲ್ಲೆಲ್ಲ ಪೊಲೀಸರ ಸರಿಸಮಾನವಾಗಿ ನಿಲ್ಲುವ ಅವನಿಗೆ ದಿನಭತ್ಯೆಯುಂಟು, ನಿವೃತ್ತಿವೇತನವಿಲ್ಲ. ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ಭತ್ಯೆಯನ್ನು ಕಾನ್‌ಸ್ಟೇಬಲನ ಕನಿಷ್ಠ ವೇತನಕ್ಕೆ ಸಮಗೊಳಿಸಬೇಕೆಂದಿತಾದರೂ ಖಾಯಂ ಮಾಡಬೇಕೆಂಬ ಬೇಡಿಕೆಯನ್ನು ಒಪ್ಪಲಿಲ್ಲ.

ಈ ಎಲ್ಲ ಚರ್ಚೆ ಇಂದು ಯಾರಿಗೆ ಬೇಕು? ಮೊದಲಾಗಿ, ಅಲ್ಪಾವಧಿ ಕಮಿಷನ್ನಿನ ಅಧಿಕಾರಿಗಳಿಗೆ. 1953ರಲ್ಲಿ ಮಣಿಪಾಲದಲ್ಲಿ ಸ್ಥಾಪಿತವಾದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಂಥಲ್ಲಿ ಕಲಿತ ವೈದ್ಯನು ಸೇನಾ ವೈದ್ಯದಳದಲ್ಲಿ ಅಲ್ಪಾವಧಿಯ ಕಮಿಷನ್ ಪಡೆದರೆ ಹೆಚ್ಚೆಂದರೆ 14 ವರ್ಷ ಉಳಿಯುವನು. ಪೆನ್ಶನ್ನಿಗೆ ಆರು ವರ್ಷ ಕಡಮೆ. ವೈದ್ಯನಿಗೆ ಹೊರಗೆ ಅನ್ನದ ಕೊರತೆಯಿಲ್ಲ. ಸೈನ್ಯದಲ್ಲಿ ಪೂರ್ಣಾವಧಿ ಸಲ್ಲಿಸಿ ಬಂದವರಿಗೂ ಇಲ್ಲಿ ಎರಡನೆಯ ವೃತ್ತಿ ದೊರೆತುದುಂಟು. ಲೆಫ್ಟಿನೆಂಟ್ ಜನರಲ್ ಎಂ. ಡಿ. ವೆಂಕಟೇಶ್ ಅವರು ನಿವೃತ್ತಿಯ ಅನಂತರ ಮಣಿಪಾಲದ ವಿಶ್ವವಿದ್ಯಾಲಯದ ಕುಲಪತಿಗಳಾದುದೇ ನಿದರ್ಶನ. ಸ್ತ್ರೀ ಅಧಿಕಾರಿಗಳಲ್ಲಿ ಹೆಚ್ಚಿನವರಾದರೋ, ಅವರಿಗೆ ಖಾಯಂ ಕಮಿಷನ್ನಿನ ಬಾಗಿಲು ತೆರೆದ ಸರ್ವೋಚ್ಚ ನ್ಯಾಯಾಲಯದ 2020ರ ಫೆಬ್ರವರಿ 17ರ ಬಬಿತಾ ಪುನಿಯಾ ತೀರ್ಪಿನವರೆಗೆ 14 ವರ್ಷದ ಗೋಡೆಗೇ ಬಂದು ನಿಲ್ಲುತ್ತಿದ್ದರು.

ಹೆಚ್ಚಿನ ಚಿಂತೆ ಅಗ್ನಿವೀರರದು. 2022ರ ಜೂನ್ 14ರಂದು ಘೋಷಿತವಾದ ಯೋಜನೆಯಂತೆ ಹುಡುಗರು ನಾಲ್ಕು ವರ್ಷಕ್ಕೆ ಸೇರುವರು. ನಾಲ್ವರಲ್ಲಿ ಒಬ್ಬನಿಗೆ ಮಾತ್ರ ಮುಂದಿನ 15 ವರ್ಷಗಳ ಖಾಯಂ ಸೇವೆ. ಮಿಕ್ಕ ಮೂವರಿಗೆ 11.71 ಲಕ್ಷ ರೂಪಾಯಿಗಳ ಸೇವಾನಿಧಿ, ಗ್ರಾಚ್ಯುಟಿಯಿಲ್ಲ, ಪೆನ್ಶನ್ನಿಲ್ಲ. ಕಾರ್ಕಳದ ಆನೆಕೆರೆಯ ದಂಡೆಯಲ್ಲಿ, ಕಾಪುವಿನ ಮರಳಿನಲ್ಲಿ, ಅಜ್ಜರಕಾಡಿನ ಮೈದಾನದಲ್ಲಿ ಬೆಳಗಿನ ಜಾವ ಓಡುವ ಹುಡುಗರನ್ನು ಕಂಡಾಗಲೆಲ್ಲ, ಇವರ ನಾಲ್ಕು ವರ್ಷಗಳನ್ನು ಬರೆದಿಟ್ಟುಕೊಳ್ಳುವ ಪುಸ್ತಕ ಯಾವುದೆಂದು ನನ್ನ ಮನಸ್ಸು ಕೇಳುತ್ತದೆ. ಹಳೆಯ ಕರಾರಿನಲ್ಲಿ ಏಳು ವರ್ಷದ ಸಿಪಾಯಿಗೆ ಎಂಟು ವರ್ಷದ ರಿಸರ್ವ್ ಇದ್ದಿತು. ನಾಲ್ಕು ವರ್ಷದವನಿಗೂ ಅಂಥದೊಂದು ಮೀಸಲು ಖಾತೆಯನ್ನು ತೆರೆದು, ವರ್ಷಕ್ಕೊಂದು ಶಿಬಿರದಂತೆ ದಿನಗಳನ್ನು ಜಮೆ ಮಾಡುತ್ತ, ಅರುವತ್ತನೆಯ ವಯಸ್ಸಿಗೆ ಅಲ್ಪವಾದರೂ ಒಂದು ಪೆನ್ಶನ್ ಕೊಡುವುದರಿಂದ, ಸೈನ್ಯಕ್ಕೆ ತರಬೇತಾದ ಜನವೂ ಜನಕ್ಕೆ ಆಸರೆಯೂ ದೊರೆಯುವುದೆಂದು ನಾನು ನಂಬುತ್ತೇನೆ. ಎರಡಾಣೆಯಿಂದ ಬ್ಯಾಂಕನ್ನೇ ಕಟ್ಟಿದ ಊರಿನವನಿಗೆ ಇದು ಅಸಾಧ್ಯವೆಂದು ತೋರುವುದಿಲ್ಲ. ಮೊದಲ ತಂಡದವರು 2026ರ ಕೊನೆಯಿಂದ ಹೊರಬರತೊಡಗುವರಾದುದರಿಂದ, ಯೋಚಿಸುವುದಕ್ಕೆ ಕಾಲಾವಕಾಶ ಹೆಚ್ಚಿಲ್ಲ.

ಕಾಪುವಿನ ಪೆಟ್ಟಿಗೆಯಲ್ಲಿ ಡಿಸ್ಚಾರ್ಜ್ ಪುಸ್ತಕ ದೊರೆಯಿತು. ಕಡಲಗಾಳಿಗೂ ಮಳೆಗಾಲದ ಶೀತಕ್ಕೂ ಹಾಳೆಗಳು ಅಂಟಿಕೊಂಡಿದ್ದುವು, ಹಡಗುಗಳ ಹೆಸರುಗಳಲ್ಲಿ ಅರ್ಧ ಅಳಿಸಿದ್ದುವು; ಸೇರಿದ ತಾರೀಖೂ ಬಿಟ್ಟ ತಾರೀಖೂ ಮಾತ್ರ ಓದುವಂತಿದ್ದು, ಅರ್ಜಿ ಬರೆಯುವುದಕ್ಕೆ ಅಷ್ಟೇ ಸಾಕಾಯಿತು. ಆದುದರಿಂದ, ಮಕ್ಕಳನ್ನು ಸೈನ್ಯಕ್ಕೆ ಕಳುಹಿಸಿದ ಮನೆಗಳವರಲ್ಲಿ ನನ್ನದೊಂದು ಬಿನ್ನಹ: ಸೇವೆ ನಾಲ್ಕು ವರ್ಷದ್ದಾಗಲಿ, ನಾಲ್ಕು ವಾರದ ಟಿಎ ಶಿಬಿರದ್ದಾಗಲಿ, ಆ ಕಾಗದಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅಟ್ಟದ ಮೇಲೆ ಮಳೆ ಸೋರದ ಜಾಗದಲ್ಲಿ ಇಡಿ.